ಎಡಗೈಗೊಂದು, ಬಲಗೈಗೊಂದು

ಮದುವೆಯಾಗುತ್ತೇನೆ ಎಂದು ಗುತ್ಯಮ್ಮ ಹೇಳಿದಾಗ ಅವಳ ಅಣ್ಣ ಮಂಜುನಾಥಪ್ಪ ಜಗುಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ. ಸವರುತ್ತಿದ್ದ ಬೆರಳು ಅಲ್ಲೇ ನಿಂತಿತು. ಮೊದಲು ನಕ್ಕ. ತಂಗಿ ನಗುತ್ತಿಲ್ಲ ಎಂದು ಕಂಡ ಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿದ.

“ಸುಮನಾ, ಇಲ್ ಬಾ ಮಾರಾಯ್ತಿ. ಇವ್ಳು ಎಂತ ಹೇಳ್ತಾಳೆ ಕೇಳು.”

ಗುತ್ಯಮ್ಮನಿಗೆ ನಲವತ್ತೊಂಬತ್ತು. ನಿಟ್ಟೂರಿನ ಸರ್ಕಾರಿ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು. ಅವಳಿಗೆ ಸಂಬಂಧಗಳು ಬರಲಿಲ್ಲವೆಂದಲ್ಲ. ಮೊದಲನೆಯದು ಬಂದ ವರ್ಷ ಅವ್ವ ಹಾಸಿಗೆ ಹಿಡಿದಿದ್ದಳು. ಅವ್ವನನ್ನು ನೋಡುವವರು ಯಾರು, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಅತ್ತಿಗೆಯ ಬಾಣಂತನ ಬಂತು. ಅದು ಮುಗಿಯುವುದರೊಳಗೆ ಇನ್ನೊಂದು. ಬೇಡ ಎಂದು ಯಾರೂ ಒಮ್ಮೆಯೂ ಹೇಳಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಹೋಗಿ, ಒಂದು ವರ್ಷ ಕೇಳಿಕೊಂಡು ಬರುವವರೇ ಇಲ್ಲವಾದರು.

ಈಗ ಕೇಳಿದವನು ಶಿವರಾಮ. ಸಾಗರದಿಂದ ಹೊಸನಗರದ ಮೇಲೆ ನಿಟ್ಟೂರಿಗೆ ಬರುವ ಖಾಸಗಿ ಬಸ್ಸಿನ ಡ್ರೈವರು. ಊರು ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗದ ಕೋಟೆಯ ಕೆಳಗೆ. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ಬಸ್ಸು ಬೆಳಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಬಂದು ಶಾಲೆಯ ಎದುರು ಅರ್ಧ ಗಂಟೆ ನಿಲ್ಲುತ್ತಿತ್ತು. ಎಂಜಿನ್ನಿಗೆ ನೀರು ಹಿಡಿಯಲು ಅವನು ಶಾಲೆಯ ನಲ್ಲಿಗೆ ಬರುತ್ತಿದ್ದ; ಇವಳು ಒಂದು ಲೋಟ ಕಾಫಿ ಕೊಡುತ್ತಿದ್ದಳು. ಎರಡು ವರ್ಷ ಹೀಗೆ ನಡೆದ ಮೇಲೆ ದೀಪಾವಳಿಯ ಮರುದಿನ ಅವನು ಲೋಟ ತೊಳೆದು ಕೊಡುತ್ತ, “ನಂಗೆ ಐವತ್ನಾಲ್ಕು. ಮಕ್ಕಳಿಲ್ಲ. ಕುಡಿಯೋದಿಲ್ಲ. ನಿಮಗೆ ಮನಸ್ಸಿದ್ರೆ ಹೇಳಿ, ಇಲ್ದಿದ್ರೆ ನಾಳೆ ಕಾಫಿ ನಿಲ್ಸೋದ್ ಮಾತ್ರ ಬೇಡ” ಎಂದಿದ್ದ. ಗುತ್ಯಮ್ಮ ಒಂಬತ್ತು ದಿನ ಯೋಚಿಸಿ ಹೂಂ ಅಂದಿದ್ದಳು.

ಮಂಜುನಾಥಪ್ಪ ಕೆಟ್ಟವನಲ್ಲ. ಎಲೆ ಮಡಿಸಿ ಬಾಯಿಗಿಟ್ಟುಕೊಂಡ. ಕೊನೆಗೆ ಹೇಳಿದ, “ಮಾಡ್ಕೋ. ಬೇಡ ಅನ್ನೋಕೆ ನಾನ್ಯಾರು. ಆದ್ರೆ ಊರಿಗೆಲ್ಲ ಸಾರೋದ್ ಬೇಡ. ಈ ವಯಸ್ಸಲ್ಲಿ ಜನ ನಗ್ತಾರೆ. ಸಂಕ್ರಾಂತಿ ಕಳೀಲಿ. ದೂರದ ಯಾವ್ದಾದ್ರೂ ದೇವಸ್ಥಾನದಲ್ಲಿ ತಾಳಿ ಕಟ್ಟಿಸ್ಕೊಂಡು ಬಂದ್ಬಿಡಿ.”

ಸುಮನಾ ಒಳಗೆ ಹೋಗಿ ಟ್ರಂಕು ತೆರೆದು ತನ್ನದೊಂದು ರೇಷ್ಮೆ ಸೀರೆ ತಂದಳು. “ನಾಲ್ಕೇ ಸಲ ಉಟ್ಟಿದ್ದು. ಒಂದ್ ದಿನಕ್ಕೆ ಹೊಸಾದು ಎಂತಕ್ಕೆ? ನಿಂಗೆ ಒಪ್ಪುತ್ತೆ” ಎಂದು ನಾದಿನಿಯ ಹೆಗಲ ಮೇಲೆ ಇಟ್ಟು ನೋಡಿದಳು. ಪ್ರೀತಿಯಿಂದಲೇ ಇಟ್ಟಿದ್ದು.

ಸೀರೆಯಿಂದ ನುಸಿಗುಳಿಗೆಯ ವಾಸನೆ ಬಂತು. ಗುತ್ಯಮ್ಮನಿಗೆ ಮೂಗು ಸೂಕ್ಷ್ಮ. ಸಾರು ಕುದಿಯುವಾಗಲೇ ಉಪ್ಪು ಬಿದ್ದಿದೆಯೋ ಇಲ್ಲವೋ ಹೇಳುವವಳು. ಹೆಗಲ ಮೇಲಿನ ಸೀರೆಯಲ್ಲಿ ನುಸಿಗುಳಿಗೆಯ ಅಡಿಯಲ್ಲಿ ಅತ್ತಿಗೆಯ ಪೌಡರು, ಅದರ ಅಡಿಯಲ್ಲಿ ಯಾವುದೋ ಹಳೆಯ ಮದುವೆಮನೆಯ ಹೂವು ಎಲ್ಲ ಒಂದೊಂದಾಗಿ ಸಿಕ್ಕಿತು. ತನ್ನದು ಎಂಬುದು ಏನೂ ಇರಲಿಲ್ಲ. ತನ್ನ ಸೆರಗನ್ನು ಮೂಸಿದಳು: ಈರುಳ್ಳಿ, ಬೇಳೆ, ಹೊಗೆ. ಅದೂ ತನ್ನದಲ್ಲ, ಇನ್ನೂರು ಮಕ್ಕಳದ್ದು.

“ಅತ್ತಿಗೆ, ನಂಗೊಂದು ಸೆಂಟಿನ ಬಾಟ್ಲಿ ಬೇಕು” ಎಂದಳು.

ಅಷ್ಟು ವರ್ಷದಲ್ಲಿ ಅವಳ ಬಾಯಿಂದ ‘ನಂಗೆ ಬೇಕು’ ಎಂಬ ಮಾತು ಬಂದದ್ದು ಆ ಮನೆಯವರಿಗೆ ನೆನಪಿಲ್ಲ. ಅವಳಿಗೂ ಇರಲಿಲ್ಲ.

*

ಡಿಸೆಂಬರ್ ತಿಂಗಳ ಮೊದಲ ಭಾನುವಾರ ಗುತ್ಯಮ್ಮ ಸಾಗರಕ್ಕೆ ಹೋದಳು. ಅಣ್ಣನ ಕಿರಿಮಗಳು ಭವ್ಯಾ ಅಲ್ಲಿನ ಪೇಟೆಯ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಳೆ, ಕ್ಲಿಪ್ಪು, ಪೌಡರಿನ ಕಪಾಟುಗಳನ್ನು ದಾಟಿ ಒಳಗೆ ಹೋದರೆ ಗಾಜಿನ ಹಿಂದೆ ಬರೀ ಸೆಂಟಿನ ಬಾಟಲಿಗಳು. ಅತ್ತೆಯನ್ನು ಕಂಡದ್ದೇ ಭವ್ಯಾ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಓಡಿಬಂದು ತಬ್ಬಿಕೊಂಡಳು.

“ಅಮ್ಮ ಫೋನಲ್ಲಿ ಹೇಳಿದ್ಳು. ನೀನೇ ಮೊದ್ಲು ನಂಗೆ ಹೇಳ್ಬಾರ್ದಿತ್ತಾ ಅತ್ತೆ?”

“ನಾಚಿಕೆ ಆಯ್ತು ಕಣೇ.”

“ನಾಚ್ಕೊಳ್ಳೋದು ಮದ್ವೆ ದಿನಕ್ಕೆ ಇಟ್ಕೋ. ಈಗ ಹೇಳು, ಎಂಥಾ ಸೆಂಟು ಬೇಕು?”

ಎಂಥದ್ದು ಎಂದು ಗುತ್ಯಮ್ಮ ಹೇಗೆ ಹೇಳುವುದು? ಮಲ್ಲಿಗೆಯದ್ದು ಇರಬಹುದೇನೋ ಎಂದಳು. ಭವ್ಯಾ ತಲೆಯಾಡಿಸಿದಳು.

“ಮಲ್ಲಿಗೆ, ನಿಂಬೆ ಎಲ್ಲ ಬೇಸಿಗೆಗೆ ಸರಿ. ನಿಟ್ಟೂರಿನ ಚಳೀಲಿ ಅದನ್ನ ಹಾಕ್ಕೊಂಡ್ರೆ ಮನೆಯಿಂದ ಬಸ್ ನಿಲ್ಲೋ ಜಾಗಕ್ಕೆ ಬರೋದ್ರೊಳಗೆ ಹಾರಿಹೋಗುತ್ತೆ. ಚಳಿಗೆ ಸಿಹಿ ಬೇಕು, ಬೆಚ್ಚಗಿನದ್ದು ಬೇಕು. ಮೈಯ ಬಿಸಿಗೆ ನಿಧಾನಕ್ಕೆ ಬಿಚ್ಕೊಳ್ಳೋ ಅಂಥದ್ದು.”

ಹೀಗೆ ಹೇಳಿ ಅವಳು ಕಾಗದದ ಪಟ್ಟಿಗಳಿಗೆ ಒಂದೊಂದನ್ನೇ ಚಿಮುಕಿಸಿ ಕೊಟ್ಟಳು. ಒಂದು ಬಹಳ ಘಾಟು. ಒಂದು ಕಾಯಿಲೆಯವರಿಗೆ ಕೊಡುವ ಸಿರಪ್ಪಿನ ಹಾಗೆ. ಇನ್ನೊಂದು ಪೇಟೆಯ ಹುಡುಗರು ಬೈಕಿನಲ್ಲಿ ಹೋಗುವಾಗ ಬಿಟ್ಟುಹೋಗುವಂಥದ್ದು. ನಡುನಡುವೆ ಮೂಗು ಮಂಕಾದಾಗ ಭವ್ಯಾ, “ನಿನ್ನ ಸೆರಗೇ ಒಂದ್ಸಲ ಮೂಸು, ಸರಿಹೋಗುತ್ತೆ” ಎನ್ನುತ್ತಿದ್ದಳು. ಕೊನೆಗೆ ಎರಡು ಉಳಿದವು.

ಒಂದು ಜೇನಿನ ಬಣ್ಣದ ಬಾಟಲಿ. ಅದನ್ನು ಭವ್ಯಾ ಅತ್ತೆಯ ಎಡಗೈಗೆ ಹಾಕಿದಳು. ಸಿಹಿ, ಮೆತ್ತಗೆ, ಹಾಲು ಕಾದ ಹಾಗೆ, ಅದರ ಹಿಂದೆ ಚೂರೇ ಚೂರು ದಾಲ್ಚಿನ್ನಿ. ಗುತ್ಯಮ್ಮನ ಮುಖ ಅರಳಿತು.

“ಇದೆಂತದು?”

“ವೆನಿಲ್ಲಾ ಅತ್ತೆ.”

ಗುತ್ಯಮ್ಮ ಕೈಯನ್ನು ಮುಖದಿಂದ ದೂರ ಹಿಡಿದು ನೋಡಿದಳು. ಆಮೇಲೆ ಮತ್ತೆ ಹತ್ತಿರ ತಂದಳು.

ಇಪ್ಪತ್ತು ವರ್ಷದ ಹಿಂದೆ ಆ ಸೀಮೆಯಲ್ಲಿ ತೋಟವಿದ್ದವರೆಲ್ಲ ವೆನಿಲ್ಲಾ ಬಳ್ಳಿ ಹಬ್ಬಿಸಿದ್ದರು. ಅದರ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡಿಬಿಡುತ್ತದೆ. ಅಷ್ಟರೊಳಗೆ ಒಂದೊಂದು ಹೂವನ್ನೂ ಬೆರಳಲ್ಲಿ ಹಿಡಿದು, ಮೊನಚು ಕಡ್ಡಿಯಿಂದ ಒಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಬೇಕು. ಇಲ್ಲದಿದ್ದರೆ ಕಾಯಿ ಕಟ್ಟದು. ಕೆಲಸದ ಹೆಂಗಸರು ಅದನ್ನು ‘ಹೂವಿಗೆ ಮದುವೆ ಮಾಡೋದು’ ಎಂದು ಹೇಳಿ ನಗುತ್ತಿದ್ದರು. ಗುತ್ಯಮ್ಮನ ಬೆರಳು ಎಲ್ಲರಿಗಿಂತ ಚುರುಕು. ಒಂದು ಬೆಳಗಿಗೆ ಸಾವಿರ ಹೂವಿನ ಮದುವೆ ಮುಗಿಸುತ್ತಿದ್ದಳು. ಆದರೆ ಆ ಕಾಯಿ ಹಸಿರಿರುವಾಗ ಏನೂ ಘಮವಿಲ್ಲ. ಬಿಸಿಲಿಗೆ ಹಾಕಿ, ಕಂಬಳಿ ಸುತ್ತಿ, ತಿಂಗಳುಗಟ್ಟಲೆ ಬೆವರಿಸಿದ ಮೇಲಷ್ಟೇ ಅದರ ವಾಸನೆ ಹುಟ್ಟುವುದಂತೆ. ಆ ಹೊತ್ತಿಗೆ ಕಾಯಿ ಎಲ್ಲಿಗೋ ಹೋಗಿಯಾಗಿರುತ್ತಿತ್ತು. ಮದುವೆಮನೆಗಳ ಐಸ್‌ಕ್ರೀಮಿನಲ್ಲಿ ಅದರ ಹೆಸರು ಕೇಳಿದ್ದಳು ನಿಜ. ಹಲ್ಲು ಜುಂ ಅನ್ನುವ ಆ ಚಳಿಯಲ್ಲಿ ವಾಸನೆ ಹಿಡಿದವರು ಯಾರು?

“ನಾನು ಮಾಡಿದ್ದೇ ಕಣೇ ಇದು” ಎಂದಳು ಗುತ್ಯಮ್ಮ. ಭವ್ಯಾಳಿಗೆ ಅರ್ಥವಾಗಲಿಲ್ಲ. ಹೇಳಿದ ಮೇಲೆ ಅವಳೂ ಅತ್ತೆಯ ಕೈ ಹಿಡಿದು ಇನ್ನೊಮ್ಮೆ ಮೂಸಿದಳು.

ಇನ್ನೊಂದು ಕಂದು ಬಣ್ಣದ, ಗಿಡ್ಡ ಬಾಟಲಿ. ಅದು ಬಲಗೈಗೆ. ಅದೂ ಸಿಹಿಯೇ, ಆದರೆ ಬೇರೆ ಸಿಹಿ. ಜೇನು, ಒಣಮರ, ಅವೆರಡರ ನಡುವೆ ಯಾವುದೋ ಬೆಚ್ಚಗಿನ, ಸ್ವಲ್ಪ ಹೊಗೆಯ ಹಾಗಿನ ಅಂಟು. ಗುತ್ಯಮ್ಮನಿಗೆ ಅದು ತೀರ ಗೊತ್ತಿರುವ ವಾಸನೆ ಅನ್ನಿಸಿತು. ಹೆಸರು ಮಾತ್ರ ಹೊಳೆಯಲಿಲ್ಲ. ಭವ್ಯಾ ಡಬ್ಬಿ ತಿರುಗಿಸಿ ಓದಿದಳು. “ಬೆಂಜೋಯಿನ್ ಅಂತಿದೆ. ಎಂತ ಅಂತ ನಂಗೂ ಗೊತ್ತಿಲ್ಲ. ಆದ್ರೆ ನಂಗೆ ಇದಂದ್ರೆ ಯಾಕೋ ಭಾಳ ಇಷ್ಟ.”

“ಯಾವ್ದು ತಗೊಳ್ಲಿ ಹೇಳು.”

“ಈಗ್ಲೇ ಬೇಡ. ಅಂಗಡೀಲಿ ಒಂದು ತರ ಇರುತ್ತೆ, ಮೈಮೇಲೆ ಒಂದು ದಿನ ಕಳೆದ್ರೆ ಇನ್ನೊಂದು ತರ.” ಭವ್ಯಾ ಎರಡು ಪುಟ್ಟ ಸ್ಯಾಂಪಲ್ ಸೀಸೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. “ಒಂದೊಂದು ಕೈಗೆ ಒಂದೊಂದು ಹಾಕಿ ನೋಡು. ಅಡುಗೆ ಕೆಲಸ ಇದ್ದಾಗ ಮಣಿಕಟ್ಟಿಗೆ ಬೇಡ, ಮೊಣಕೈ ಒಳಮಡಿಕೆಗೆ ಹಾಕು.”

*

ಮಂಗಳವಾರ ಬೆಳಗ್ಗೆ ಗುತ್ಯಮ್ಮ ಸ್ನಾನ ಮಾಡಿ ಎಡ ಮೊಣಕೈಗೆ ವೆನಿಲ್ಲಾ, ಬಲ ಮೊಣಕೈಗೆ ಆ ಹೆಸರು ಬಾರದ್ದು ಹಾಕಿಕೊಂಡು ಶಾಲೆಗೆ ನಡೆದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಧ್ವಜಕಂಬದ ತುದಿ ಕಾಣುತ್ತಿರಲಿಲ್ಲ.

ಎಡಗೈ ಎಲ್ಲರಿಗೂ ಮೆಚ್ಚುಗೆಯಾಯಿತು. ಹೆಡ್‌ಮೇಡಂ ಅಪರ್ಣಾ ಅಡುಗೆಕೋಣೆಗೆ ಬಂದವರು, “ಏನು ಗುತ್ಯಮ್ಮ, ಪಾಯಸವೇ?” ಎಂದು ಪಾತ್ರೆ ಇಣುಕಿದರು. ಊಟದ ಹೊತ್ತಿಗೆ ಅವಳು ಎಡಗೈಯಲ್ಲಿ ಸಾಂಬಾರಿನ ಬಕೆಟ್ಟು ಹಿಡಿದು ಸಾಲಿನ ಮೇಲೆ ಬರುತ್ತಿದ್ದರೆ ಒಂದನೇ ಕ್ಲಾಸಿನ ಮಕ್ಕಳು “ಅಕ್ಕಾ, ಇವತ್ತು ಕೇಕಾ? ಅಕ್ಕಾ, ಕೇಕು!” ಎಂದು ತಟ್ಟೆ ಬಡಿದರು. ಬಕೆಟ್ಟಿನಲ್ಲಿ ನುಗ್ಗೆಸೊಪ್ಪಿನ ಸಾಂಬಾರು ಕಂಡು ಅವರ ಮುಖ ಜೋಲುಬಿದ್ದದ್ದು ನೋಡಿ ಗುತ್ಯಮ್ಮನಿಗೆ ನಗು ತಡೆಯಲಾಗಲಿಲ್ಲ.

ಬಲಗೈಯನ್ನು ಗಮನಿಸಿದವಳು ಜೊತೆಯ ಅಡುಗೆಯವಳು ಶೇಷಮ್ಮ ಒಬ್ಬಳೇ. ಊಟ ಮುಗಿದು ಇಬ್ಬರೂ ದೊಡ್ಡ ಪಾತ್ರೆ ಉಜ್ಜುತ್ತಿದ್ದಾಗ ಅವಳು ಮೂಗರಳಿಸಿ, ಗುತ್ಯಮ್ಮನ ಕೈ ಹಿಡಿದೆಳೆದು ಮೂಸಿ, “ಅಯ್ಯ, ಇದು ಬಾಣಂತಿ ಕೋಣೆ ವಾಸನೆ ಅಲ್ದಾ ಅಕ್ಕ! ಸಾಂಬ್ರಾಣಿ!” ಎಂದಳು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

“ಹೌದಲ್ಲ” ಎಂದಳು ಗುತ್ಯಮ್ಮ. “ಸಾಂಬ್ರಾಣಿ.” ಕೈ ತೊಳೆದುಕೊಂಡು, ಸೌದೆ ತರುತ್ತೇನೆಂದು ಹಿತ್ತಿಲ ಕಡೆ ಹೋದಳು. ಅಲ್ಲಿ ಸೌದೆ ರಾಶಿಯ ಮೇಲೆ ಕೂತಳು.

ಹೇಗೆ ಮರೆತಿದ್ದಳು? ಸುಮನಾಳ ಮೂರು ಬಾಣಂತನವನ್ನೂ ಮಾಡಿದ್ದು ಅವಳೇ. ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಮಡಕೆಚೂರಿನಲ್ಲಿ ಕೆಂಡ ತಂದು, ಅದಕ್ಕೆ ಸಾಂಬ್ರಾಣಿ ಪುಡಿ ಉದುರಿಸಿ, ಮೇಲೆ ಬುಟ್ಟಿ ಬೋರಲು ಹಾಕಿ, ಅತ್ತಿಗೆಯ ಒದ್ದೆ ಕೂದಲನ್ನು ಅದರ ಮೇಲೆ ಹರಡುತ್ತಿದ್ದಳು. ಆಮೇಲೆ ಮಗುವನ್ನು ಅಂಗೈ ಮೇಲೆ ಮಲಗಿಸಿಕೊಂಡು ಆ ಹೊಗೆಯ ಮೇಲೆ ಮೂರು ಸಲ ಆಡಿಸುತ್ತಿದ್ದಳು. ಕೊನೆಯ ಮಗು ಇದೇ ಭವ್ಯಾ. ತಾಯಿ, ಮಗು ಇಬ್ಬರೂ ಆ ಬಿಸಿಗೆ, ಆ ಘಮಕ್ಕೆ ಕಣ್ಣು ಮುಚ್ಚಿ ನಿದ್ದೆ ಹೋಗುತ್ತಿದ್ದರು. ಇವಳು ಕೆಂಡ ಆರಿಸಿ, ಬೂದಿ ಎತ್ತಿ, ಬಟ್ಟೆ ಒಗೆಯಲು ಹೋಗುತ್ತಿದ್ದಳು. ಇವಳ ತಲೆಗೆ ಯಾರೂ ಹೊಗೆ ಹಾಕಿರಲಿಲ್ಲ. ಹಾಕಬೇಕು ಎಂದು ಇವಳಿಗೂ ಅನ್ನಿಸಿರಲಿಲ್ಲ.

ಶೇಷಮ್ಮ ಹಿಂದೆಯೇ ಬಂದಳು. “ಬಾಯ್ ತಪ್ಪಿ ಬಂತು ಅಕ್ಕ. ಬೇಜಾರ್ ಮಾಡ್ಕೋಬೇಡ. ಎಡಗೈದೇ ತಗೋ. ಅದೇ ಚೆಂದ, ಎಲ್ರಿಗೂ ಇಷ್ಟ ಆಯ್ತು.”

“ಬೇಜಾರಿಲ್ಲ” ಎಂದಳು ಗುತ್ಯಮ್ಮ. ಬೇಜಾರು ಇತ್ತು. ಆದರೆ ಅದರ ಅಡಿಯಲ್ಲಿ ಇನ್ನೇನೋ ಇತ್ತು, ಅದೇನೆಂದು ಆಗ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಬಸ್ಸು ಬಂತು. ಶಿವರಾಮ ಕಾಫಿ ಲೋಟ ಹಿಡಿದು ನಲ್ಲಿಯ ಕಟ್ಟೆಯ ಮೇಲೆ ಕೂತಾಗ ಅವಳು ಎರಡೂ ಕೈ ಚಾಚಿ ವಿಷಯ ಹೇಳಿದಳು. ಅವನು ನಾಚುತ್ತ ಅತ್ತಿತ್ತ ನೋಡಿ, ಗಂಭೀರವಾಗಿ ಮೊದಲು ಎಡಗಡೆಗೆ, ಆಮೇಲೆ ಬಲಗಡೆಗೆ ಬಗ್ಗಿದ.

“ಎರಡೂ ಚೆನ್ನಾಗೇ ಉಂಟು. ಮೂವತ್ತು ವರ್ಷ ಡೀಸೆಲ್ ಕುಡಿದ ಮೂಗು ನಂದು. ನಿಮಗೆ ಯಾವ್ದು ಬೇಕೋ ಅದು.”

ಗುತ್ಯಮ್ಮನಿಗೆ ಸಿಟ್ಟು ಬಂತು. ತನಗೇ ಆಶ್ಚರ್ಯವಾಗುವಷ್ಟು ಬಂತು. “ನಂಗೆ ಯಾವ್ದು ಬೇಕು ಅಂತ ನಂಗೆ ಗೊತ್ತಿದ್ರೆ ನಿಮ್ಮನ್ನ ಕೇಳ್ತಿದ್ನಾ? ಇಷ್ಟ್ ವರ್ಷ ಯಾರೂ ಯಾವ್ದು ಬೇಕು ಅಂತ ಕೇಳ್ಲಿಲ್ಲ. ನಂಗೆ ಆರಿಸೋದು ರೂಢಿ ಇಲ್ಲ. ನೀವೇ ಒಂದು ಹೇಳ್ಬಿಡಿ, ಮುಗೀಲಿ.”

ಶಿವರಾಮ ಕಾಫಿಯನ್ನು ಕೆಳಗಿಟ್ಟ. “ನಾನು ಹೇಳಿದ್ರೆ ನಾಳೆಯಿಂದ ಅದನ್ನ ನಂಗೋಸ್ಕರ ಹಾಕ್ಕೊಳ್ತೀರಿ” ಎಂದ. “ಬಸ್ಸಿಗೆ ಹಾರನ್ ತಗೊಳ್ಳೋಕೆ ಶಿವಮೊಗ್ಗಕ್ಕೆ ಹೋಗಿದ್ದೆ. ಅಂಗಡಿಯವ ಹತ್ತು ಹಾರನ್ ಊದಿ ತೋರ್ಸಿದ. ಓನರು ಒಂದು ಹೇಳ್ದ, ಕಂಡಕ್ಟರು ಒಂದು ಹೇಳ್ದ. ಹತ್ತನೇದು ಊದಿದಾಗ ಯಾರೂ ಹೇಳೋದೇ ಬೇಡವಾಯ್ತು, ನಂಗೇ ಗೊತ್ತಾಯ್ತು. ನಿಮಗೂ ಗೊತ್ತಾಗುತ್ತೆ. ಎಂತಕ್ಕೆ ಅವಸರ?”

ಹಾರನ್ನಿನ ಕತೆಗೆ ನಗಬೇಕೋ ಬೈಯಬೇಕೋ ತಿಳಿಯದೆ ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಆದರೆ ಸಿಟ್ಟು ಇಳಿದಿತ್ತು.

*

ಗೊತ್ತಾದದ್ದು ಮರುದಿನ ಬೆಳಗಿನ ಜಾವ, ಬಚ್ಚಲ ಒಲೆಯ ಮುಂದೆ.

ಚಳಿಗೆ ಕಂಬಳಿ ಹೊದ್ದುಕೊಂಡೇ ಬಂದು ಹಂಡೆಗೆ ಬೆಂಕಿ ಹಾಕುತ್ತಿದ್ದಳು. ಅಡಿಕೆ ಸಿಪ್ಪೆ ಹೊತ್ತಿಕೊಂಡು ಮುಖಕ್ಕೆ ಬಿಸಿ ತಾಕಿತು. ನಿನ್ನೆಯದು ಏನಾದರೂ ಉಳಿದಿದೆಯೇ ನೋಡೋಣವೆಂದು ಎಡ ಮೊಣಕೈಯನ್ನು ಮೂಗಿಗೆ ತಂದಳು. ಏನೂ ಇರಲಿಲ್ಲ. ಪಾತ್ರೆ, ಸೋಪು, ಒಲೆ ಎಲ್ಲ ಸೇರಿ ಅದನ್ನು ಕಳಿಸಿಬಿಟ್ಟಿದ್ದವು. ಪಾಪ, ಒಳ್ಳೆಯ ವಾಸನೆ, ಬಂದಷ್ಟು ಹೊತ್ತು ಎಲ್ಲರನ್ನೂ ನಗಿಸಿ ಹೋಗಿತ್ತು. ಸಾವಿರಾರು ಹೂವಿನ ಮದುವೆ ಮಾಡಿದ ಕೈಗೆ ಅದರ ಘಮ ಒಂದು ದಿನವಾದರೂ ಸಿಕ್ಕಿತಲ್ಲ, ಆ ಲೆಕ್ಕ ಮುಗಿಯಿತು ಅನ್ನಿಸಿತು.

ಬಲ ಮೊಣಕೈಯನ್ನು ತಂದಳು. ಅದು ಇತ್ತು. ನಿನ್ನೆಗಿಂತ ಮೆತ್ತಗೆ, ನಿನ್ನೆಗಿಂತ ಆಳಕ್ಕೆ. ಈರುಳ್ಳಿಯ ಜೊತೆ ಅದು ಜಗಳವಾಡಿರಲಿಲ್ಲ, ಸೌದೆಯ ಹೊಗೆಯನ್ನು ಓಡಿಸಿರಲಿಲ್ಲ. ಅವೆಲ್ಲವನ್ನೂ ಪಕ್ಕಕ್ಕೆ ಕೂರಿಸಿಕೊಂಡು ತಾನೂ ಕೂತಿತ್ತು. ಕಂಬಳಿಯ ಅಂಚಿಗೂ ಹತ್ತಿತ್ತು. ಬೆಂಕಿಯ ಬಿಸಿಗೆ ಅದು ಮತ್ತೆ ಬಿಚ್ಚಿಕೊಂಡು ಅವಳ ಕುತ್ತಿಗೆ, ಕಿವಿ, ಕೂದಲಿನ ತನಕ ಏರಿತು. ಗುತ್ಯಮ್ಮ ಕಣ್ಣು ಮುಚ್ಚಿದಳು. ಯಾವ ಮಗುವನ್ನೂ ಎತ್ತಿಕೊಂಡಿರಲಿಲ್ಲ, ಯಾರ ಕೂದಲನ್ನೂ ಹರಡಬೇಕಿರಲಿಲ್ಲ. ಬೆಚ್ಚಗೆ ಕೂತಿದ್ದವಳು ತಾನೇ.

“ಇದೇ” ಎಂದಳು, ಗಟ್ಟಿಯಾಗಿ. ಕೊಟ್ಟಿಗೆಯಲ್ಲಿ ಎಮ್ಮೆ ತಿರುಗಿ ನೋಡಿತು.

ಅದಾದ ಮೇಲೆ ಬೇರೆಯವೆಲ್ಲ ಸರಸರ ಆದವು. ಒಂದು ತೀರ್ಮಾನ ಮಾಡಿದ ಕೈಗೆ ಎರಡನೆಯದು ಅಷ್ಟು ಭಾರವಿರುವುದಿಲ್ಲ. ಮುಂದಿನ ಭಾನುವಾರ ಸಾಗರಕ್ಕೆ ಹೋಗಿ ತನ್ನ ಸಂಬಳದ ದುಡ್ಡಿನಿಂದ ಕಂದು ಬಾಟಲಿ ಕೊಂಡಳು. ಭವ್ಯಾ, “ಎರಡೂ ಕೊಡ್ತೀನಿ, ಒಂದು ನನ್ನ ಲೆಕ್ಕದಲ್ಲಿ ಉಡುಗೊರೆ” ಎಂದಳು.

“ಬೇಡ ಕಣೇ. ನಾನು ಆರಿಸಿದೀನಿ.”

ಪಕ್ಕದ ಬಟ್ಟೆ ಅಂಗಡಿಯಲ್ಲಿ ಅರಿಸಿನದ ಅಂಚಿನ ಹಸಿರು ಸೀರೆಯನ್ನು ಹತ್ತೇ ನಿಮಿಷದಲ್ಲಿ ಆರಿಸಿದಳು. ಅಂಗಡಿಯವನು ಇನ್ನೂ ಇಪ್ಪತ್ತು ಸೀರೆ ಬಿಚ್ಚಲು ತಯಾರಾಗಿದ್ದ. ಅವನಿಗೇ ಸ್ವಲ್ಪ ನಿರಾಸೆಯಾಯಿತು.

ಸಂಜೆ ಮನೆಗೆ ಬಂದಾಗ ಮಂಜುನಾಥಪ್ಪ ಜಗುಲಿಯಲ್ಲೇ ಇದ್ದ. ಚೀಲದೊಳಗಿನ ಡಬ್ಬಿ ನೋಡಿ, “ನಿಜವಾಗ್ಲೂ ತಂದ್ಬಿಟ್ಯಾ? ಈ ವಯಸ್ಸಿಗೆ ಸೆಂಟು ಎಂತಕ್ಕೆ?” ಎಂದ.

“ಮುಂಚೆ ಯಾರೂ ಕೊಡಿಸ್ಲಿಲ್ಲ ಅಣ್ಣ. ಅದಕ್ಕೆ ಈ ವಯಸ್ಸಿಗೆ.”

ಅವನು ಬಾಯಿ ತೆರೆಯುವುದರೊಳಗೆ ಅವಳು ಎದುರಿನ ಮಣೆ ಎಳೆದು ಕೂತಳು. ಅಣ್ಣನ ಎದುರು ಸಮಸಮ ಕೂತು ಮಾತಾಡಿದ್ದು ಅದೇ ಮೊದಲು.

“ದೂರದ ದೇವಸ್ಥಾನ ಬೇಡ. ಮದ್ವೆ ಇಲ್ಲೇ, ನಿಟ್ಟೂರಲ್ಲಿ. ಸಮುದಾಯ ಭವನದಲ್ಲಿ. ಊರೋರೆಲ್ಲ ಬರ್ಲಿ, ಶಾಲೆ ಮಕ್ಕಳೂ ಬರ್ಲಿ.”

“ಜನ ನಗ್ತಾರೆ ಗುತ್ಯಮ್ಮ.”

“ನಗ್ಲಿ. ಮದ್ವೆ ಮನೇಲಿ ನಗದೆ ಇನ್ನೆಲ್ಲಿ ನಗ್ತಾರೆ? ನಾನೇನ್ ಕಳ್ಳತನ ಮಾಡ್ತಿದೀನಾ, ಕದ್ದು ಹೋಗಿ ತಾಳಿ ಕಟ್ಟಿಸ್ಕೊಳ್ಳೋಕೆ?” ಮಣೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. “ಧಾರೆ ಎರೆಯೋನು ನೀನು. ಅಪ್ಪ ಇಲ್ಲ, ನೀನೇ ಅಪ್ಪ. ನೀನು ಬರೋದಿಲ್ಲ ಅಂದ್ರೆ ಹೇಳ್ಬಿಡು, ಶೇಷಮ್ಮನ ಗಂಡನ ಹತ್ರ ಎರೆಸ್ಕೊಳ್ತೀನಿ. ಮದ್ವೆ ಮಾತ್ರ ಇಲ್ಲೇ.”

ಮಂಜುನಾಥಪ್ಪ ಎದ್ದು ತೋಟದ ಕಡೆ ಹೋದ. ಮೂರು ದಿನ ತಂಗಿಯ ಜೊತೆ ಮಾತಾಡಲಿಲ್ಲ. ಗುತ್ಯಮ್ಮ ಮೊದಲಿನ ಹಾಗಿದ್ದರೆ ಎರಡನೆಯ ದಿನವೇ ಹೋಗಿ, ಆಗಲಿ ಅಣ್ಣ, ನೀನು ಹೇಳಿದ ಹಾಗೇ ಎಂದುಬಿಡುತ್ತಿದ್ದಳು. ಈ ಸಲ ಹೋಗಲಿಲ್ಲ. ಎಂದಿನಂತೆ ಹಾಲು ಕರೆದಳು, ಶಾಲೆಗೆ ಹೋದಳು, ದಿನಾ ಬೆಳಗ್ಗೆ ಒಂದೇ ಒಂದು ಸಲ ಆ ಬಾಟಲಿಯ ಮುಚ್ಚಳ ತೆರೆದು ಮೂಸಿ ಮುಚ್ಚಿದಳು. ನಾಲ್ಕನೆಯ ದಿನ ಊಟಕ್ಕೆ ಕೂತ ಅಣ್ಣ, ಯಾರಿಗೂ ಅಲ್ಲದ ಹಾಗೆ ಗೋಡೆ ನೋಡಿಕೊಂಡು ಹೇಳಿದ:

“ಜನವರಿ ಇಪ್ಪತ್ತೊಂಬತ್ತಕ್ಕೆ ಹಾಲ್ ಖಾಲಿ ಉಂಟಂತೆ. ಬರೆಸಿ ಬಂದೆ.”

ಆಮೇಲೆ ಅನ್ನ ಕಲಸುತ್ತ, “ಶೇಷಮ್ಮನ ಗಂಡನಿಗೆ ಮಂತ್ರ ಹೇಳೋಕ್ ಬರುತ್ತಾ, ಮಣ್ಣು. ಅವ ಧಾರೆ ಎರೀತಾನಂತೆ!” ಎಂದು ಗೊಣಗಿದ. ಸುಮನಾ ನಗು ಮುಚ್ಚಿಕೊಳ್ಳಲು ಒಳಗೆ ಓಡಿದಳು.

*

ಮದುವೆಯ ಬೆಳಗ್ಗೆ ನಿಟ್ಟೂರಿನಲ್ಲಿ ಆ ವರ್ಷದ ಕಡುಚಳಿ. ಬಾಯಿ ತೆರೆದರೆ ಹೊಗೆ. ಭವ್ಯಾ ಹಿಂದಿನ ದಿನವೇ ಬಂದಿದ್ದಳು. ಹಸಿರು ಸೀರೆಯ ನೆರಿಗೆ ಹಿಡಿದವಳು ಅವಳೇ. ಗುತ್ಯಮ್ಮ ಕಂದು ಬಾಟಲಿಯನ್ನು ತಾನೇ ತೆರೆದು ಕುತ್ತಿಗೆಗೆ, ಕಿವಿಯ ಹಿಂದಕ್ಕೆ, ಈ ಸಲ ಮಣಿಕಟ್ಟಿಗೂ ಹಾಕಿಕೊಂಡಳು. ಇವತ್ತು ಅಡುಗೆಕೋಣೆಗೆ ಹೋಗುವುದಿತ್ತೇ?

ತಲೆ ಬಾಚಲು ಬಂದವಳು ಸುಮನಾ. ಜಡೆಯ ಎಳೆ ಬಿಡಿಸುತ್ತಿದ್ದವಳ ಕೈ ನಿಂತಿತು. ಬಗ್ಗಿ ನಾದಿನಿಯ ಕುತ್ತಿಗೆಯ ಹತ್ತಿರ ಉಸಿರೆಳೆದಳು. ಇನ್ನೊಮ್ಮೆ ಎಳೆದಳು.

“ಇದು...” ಎಂದಳು. ಬಾಚಣಿಗೆ ಹಿಡಿದುಕೊಂಡೇ ಸುಮನಾ ಹಿಂದಿನ ಮಂಚದ ಮೇಲೆ ಕೂತುಬಿಟ್ಟಳು. “ಮೂರು ಸಲ ಗುತ್ಯಮ್ಮ. ಮೂರು ಸಲ ನನ್ನ ಎಬ್ಬಿಸಿ ಕೂರಿಸ್ದೆ. ನಾನು ನಿಂಗೆ ಒಂದ್ ದಿನ ತಲೆಗೆ ಎಣ್ಣೆ ಹಚ್ಚಿದ್ದಿಲ್ಲ. ಹಳೇ ಸೀರೆ ಬೇರೆ ಕೊಡೋಕ್ ಬಂದೆ.”

“ಬಾಚು ಅತ್ತಿಗೆ” ಎಂದಳು ಗುತ್ಯಮ್ಮ, ತಿರುಗದೆಯೇ. “ಹೊತ್ತಾಯ್ತು. ಅಳೋದಾದ್ರೆ ಬಾಚ್ತಾ ಅಳು.”

ಸುಮನಾ ಎದ್ದು ಕಣ್ಣೊರೆಸಿಕೊಂಡು ಬಾಚಿದಳು. ಊರಿನ ಯಾವ ಮದುಮಗಳಿಗೂ ಅಷ್ಟು ಚೆಂದದ ಜಡೆ ಆವರೆಗೆ ಬಿದ್ದಿರಲಿಲ್ಲ ಎಂದು ಆಮೇಲೆ ನೋಡಿದವರು ಹೇಳಿದರು.

ಹತ್ತೂವರೆಗೆ ಕವಲೇದುರ್ಗದ ಕಡೆಯವರನ್ನು ತುಂಬಿಕೊಂಡು ಬಸ್ಸು ಬಂತು. ಓನರು ಒಂದು ದಿನಕ್ಕೆ ಬಿಟ್ಟುಕೊಟ್ಟಿದ್ದರಂತೆ. ಮುಂದಿನ ಗಾಜಿನ ಸುತ್ತ ಚೆಂಡುಹೂವಿನ ಮಾಲೆ. ಡ್ರೈವರ್ ಸೀಟಿನಲ್ಲಿ ಬೇರೆ ಯಾರೋ ಇದ್ದರು. ಶಿವರಾಮ ಬಿಳಿ ಪಂಚೆಯುಟ್ಟು ಬಾಗಿಲ ಪಕ್ಕ ಕೂತಿದ್ದವನು, ಇಳಿಯುವುದು ಹೇಗೆಂದು ಮರೆತವನ ಹಾಗೆ ಎರಡು ಸಲ ಹೆಜ್ಜೆ ತಪ್ಪಿ ಇಳಿದ. ಶಾಲೆಯ ಇನ್ನೂರು ಮಕ್ಕಳು ಓ ಎಂದು ಕೂಗಿದರು.

ಸಮುದಾಯ ಭವನ ತುಂಬಿ, ಹೊರಗಿನ ಶಾಮಿಯಾನವೂ ತುಂಬಿತು. ಕುತೂಹಲಕ್ಕೆ ಬಂದವರು ಇದ್ದರು, ನಗಲೆಂದೇ ಬಂದವರೂ ಒಬ್ಬಿಬ್ಬರು ಇದ್ದಿರಬಹುದು. ಆದರೆ ಹಸಿರು ಸೀರೆಯಲ್ಲಿ ತಲೆಯೆತ್ತಿ ನಡೆದು ಬಂದ ಗುತ್ಯಮ್ಮನ ಹಿಂದೆ ಆ ಬೆಚ್ಚಗಿನ ಘಮ ಸಾಲುಸಾಲಾಗಿ ಹಾದುಹೋದಾಗ ಹೆಂಗಸರು ಒಬ್ಬೊಬ್ಬರೇ ಮಾತು ನಿಲ್ಲಿಸಿ ತಿರುಗಿದರು. ಮುದುಕಿಯೊಬ್ಬಳು ಪಕ್ಕದವಳ ತೊಡೆ ತಿವಿದು, “ನನ್ನ ಹೆರಿಗೆ ಕಾಲ ನೆನಪಾಯ್ತಲ್ಲೇ” ಎಂದಳು. ಮಂಜುನಾಥಪ್ಪ ತಂಬಿಗೆ ಹಿಡಿದು ನಿಂತಿದ್ದ. ತಂಗಿಯ ಕೈಯನ್ನು ಶಿವರಾಮನ ಕೈಯ ಮೇಲಿಟ್ಟು ನೀರೆರೆಯುವಾಗ ತಂಬಿಗೆ ವಾಲಿ ಅರ್ಧ ನೀರು ಪುರೋಹಿತರ ಪಂಚೆಯ ಮೇಲೆ ಹೋಯಿತು. “ಚಳಿ” ಎಂದ ಅವನು, ಯಾರೂ ಕೇಳದಿದ್ದರೂ. ತಂಗಿ ಅವನ ಮುಖ ನೋಡಿದಳು. ಅವನೂ ನೋಡಿದ. ಅಷ್ಟಕ್ಕೇ ಇಬ್ಬರಿಗೂ ಸಾಕಾಯಿತು.

ತಾಳಿ ಬಿತ್ತು. ಅಕ್ಷತೆ ಬಿತ್ತು. ಮಕ್ಕಳು ಎಸೆದ ಅಕ್ಷತೆ ಮದುಮಕ್ಕಳಿಗಿಂತ ಹೆಚ್ಚು ಹೆಡ್‌ಮೇಡಂ ತಲೆಯ ಮೇಲೆ ಬಿತ್ತು.

ಊಟಕ್ಕೆ ಉದ್ದಕ್ಕೂ ಬಾಳೆಲೆ ಹಾಸಿತ್ತು. ಗುತ್ಯಮ್ಮ ಅಭ್ಯಾಸಬಲದಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಯ ಕಡೆ ಎರಡು ಹೆಜ್ಜೆ ಹಾಕಿದ್ದಳು. ಶೇಷಮ್ಮ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. “ಇವತ್ತು ಇತ್ಲಾಗೆ ಬಂದ್ರೆ ಕಾಲು ಮುರೀತೀನಿ ಅಕ್ಕ. ಹೋಗಿ ಎಲೆ ಮುಂದೆ ಕೂತ್ಕೋ.”

ಅವಳು ಹೋಗಿ ಕೂತಳು, ಸಾಲಿನ ಮೊದಲಲ್ಲಿ, ಶಿವರಾಮನ ಪಕ್ಕ. ಎದುರಿನ ಸಾಲಿನಲ್ಲಿ ಒಂದನೇ ಕ್ಲಾಸಿನವರು ಕಾಲು ಮಡಿಸಿ ಕೂತು ಅವಳನ್ನೇ ನೋಡುತ್ತಿದ್ದರು. ಅಡುಗೆ ಅಕ್ಕ ಕೂತು ಉಣ್ಣುವುದನ್ನು ಅವರು ಕಂಡಿರಲೇ ಇಲ್ಲ. ಅನ್ನ ಬಂತು, ಸಾರು ಬಂತು, ಹೋಳಿಗೆ ಬಂತು. ಗುತ್ಯಮ್ಮ ನಿಧಾನವಾಗಿ, ಒಂದೊಂದನ್ನೂ ರುಚಿ ಹಿಡಿದು ಉಂಡಳು. ಪಾಯಸದವನು ಒಂದು ಸೌಟು ಹಾಕಿ ಮುಂದೆ ಹೋಗಿಬಿಟ್ಟ. ಅವಳು ಅದನ್ನು ಬೆರಳಲ್ಲಿ ಬಳಿದು ಮುಗಿಸಿ, ತಲೆಯೆತ್ತಿ, ಭವನದ ಆ ತುದಿಗೂ ಕೇಳುವ ಹಾಗೆ ಕೂಗಿದಳು:

“ಪಾಯಸ ಇತ್ಲಾಗೆ ತನ್ನಿ! ಎಲೆ ತುಂಬ ಹಾಕ್ಬೇಕು!”

ಅಡುಗೆಯ ಕಡೆಯಿಂದ ಮೂವರು ಬಕೆಟ್ಟು ಹಿಡಿದು ಓಡಿಬಂದರು.